ಮಗುವಿನ ಹೆಸರಿನ ಕ್ರಯಪತ್ರ: ಕ್ಯಾಲಿಫೋರ್ನಿಯಾದ ಪರದೇಶಿ ಭೂಕಾಯಿದೆ, 1913–1956

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಬೇರೆ ದೇಶದವನು ಎಂಬುದು ಒಂದು ಅರ್ಥ, ದಿಕ್ಕುದೆಸೆಯಿಲ್ಲದವನು ಎಂಬುದು ಇನ್ನೊಂದು. ದಿನಬಳಕೆಯಲ್ಲಿ ಈ ಎರಡನೆಯ ಅರ್ಥವೇ ಮುಂದಾಗಿದೆ. ಹುಟ್ಟಿದೂರು ಬಿಟ್ಟು ಬಂದವನಿಗೆ ಕೂಲಿ ಸಿಗಬಹುದು, ವ್ಯಾಪಾರ ಕುದುರಬಹುದು, ಕೈಯಲ್ಲಿ ನಾಲ್ಕು ಕಾಸು ಓಡಾಡಬಹುದು. ಆದರೆ ಕಾಲಡಿಯ ನೆಲ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಹಳೆಯ ಕಾಲದ ರಾಜ್ಯಗಳು ಅವನಿಗೆ ಸುಲಭವಾಗಿ ಕೊಟ್ಟದ್ದಿಲ್ಲ. ಪರದೇಶದಲ್ಲಿ ಮನೆ, ಹೊಲ ಕೊಳ್ಳುವುದು ಇಂದು ಹಣ, ತೆರಿಗೆ ಮತ್ತು ಸಾಲದ ಲೆಕ್ಕಾಚಾರವಾಗಿ ಕಾಣುತ್ತದೆಯಾದರೂ, ಅದರ ಹಿಂದೆ ಯಾರು ಈ ನೆಲದವರು, ಯಾರು ಅಲ್ಲ ಎಂಬ ಬಹು ಹಳೆಯ ಜಗಳವೊಂದಿದೆ. ಆ ಜಗಳದ ಇತಿಹಾಸದಲ್ಲಿ ವಿವರವಾಗಿ ದಾಖಲಾಗಿರುವ ಅಧ್ಯಾಯಗಳಲ್ಲೊಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ್ದು. ಅಲ್ಲಿ 1913ರಿಂದ 1956ರವರೆಗೆ ಶಾಸನಪುಸ್ತಕದಲ್ಲಿದ್ದ ಪರದೇಶಿ ಭೂಕಾಯಿದೆಯು ಜಪಾನೀ ಮತ್ತು ಭಾರತೀಯ ರೈತರನ್ನು ಹೊಲದ ಒಡೆತನದಿಂದ ಹೊರಗಿಡಲು ಹೊರಟಿತು, ಆ ರೈತರು ತಮ್ಮ ಮಕ್ಕಳ ಹೆಸರಿನಲ್ಲಿ ನೆಲ ಕೊಳ್ಳುತ್ತ ಹೋದರು, ಸರ್ಕಾರವು ಆ ಮಕ್ಕಳನ್ನೇ ಪ್ರತಿವಾದಿಗಳನ್ನಾಗಿ ಮಾಡಿ ನ್ಯಾಯಾಲಯಕ್ಕೆ ಎಳೆಯಿತು.

ಈ ಕಾಯಿದೆಯ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿನ ಪರಂಪರಾಗತ ನ್ಯಾಯಪದ್ಧತಿಯಲ್ಲಿ ಎಲ್ಲ ಭೂಮಿಯೂ ಮೂಲತಃ ರಾಜನದು, ಉಳಿದವರು ಅವನಿಗೆ ನಿಷ್ಠೆ ಸಲ್ಲಿಸಿ ಅವನಿಂದ ಪಡೆದು ಅನುಭವಿಸುವವರು ಎಂಬ ಕಲ್ಪನೆಯಿತ್ತು. ಬೇರೊಬ್ಬ ರಾಜನಿಗೆ ನಿಷ್ಠನಾದವನು ಈ ರಾಜನ ನೆಲವನ್ನು ಹಿಡಿಯಲಾರನೆಂಬುದು ಅದರಿಂದ ಹೊರಟ ತರ್ಕ. ಆದ್ದರಿಂದ ಹೊರನಾಡಿನ ವ್ಯಾಪಾರಿಯು ಹಣವನ್ನೂ ಸರಕನ್ನೂ ಹೊಂದಬಹುದಾಗಿತ್ತು, ಕಸುಬಿಗೆ ಬೇಕಾದ ಮನೆಯನ್ನು ಬಾಡಿಗೆಗೆ ಹಿಡಿಯಬಹುದಾಗಿತ್ತು, ಆದರೆ ಭೂಮಿಯನ್ನು ಪಿತ್ರಾರ್ಜಿತವಾಗಿ ಪಡೆಯುವಂತಿರಲಿಲ್ಲ, ತನ್ನ ವಾರಸುದಾರರಿಗೆ ಬಿಟ್ಟುಹೋಗುವಂತೆಯೂ ಇರಲಿಲ್ಲ. ವಿಚಿತ್ರವೆಂದರೆ ಅವನು ಕ್ರಯಕ್ಕೆ ಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಕೊಂಡ ಭೂಮಿಯು ಅವನ ಕೈಯಲ್ಲಿ ರಾಜನ ಅಧಿಕಾರಿಗಳು ವಿಚಾರಣೆ ನಡೆಸಿ ಇವನು ಪರದೇಶಿಯೆಂದು ದಾಖಲಿಸುವವರೆಗೆ ಮಾತ್ರ ಉಳಿಯುತ್ತಿತ್ತು, ಆಮೇಲೆ ರಾಜಗಾಮಿಯಾಗುತ್ತಿತ್ತು. ರಾಜಗಾಮಿ ಎಂದರೆ ಹಕ್ಕುಳ್ಳ ಒಡೆಯನಿಲ್ಲದ ಸ್ವತ್ತು ರಾಜ್ಯಕ್ಕೆ ಸೇರುವುದು. ಮುಂದೆ ಕ್ಯಾಲಿಫೋರ್ನಿಯಾದ ಮೊಕದ್ದಮೆಗಳಲ್ಲೆಲ್ಲ ಸರ್ಕಾರ ಬಳಸಿದ ಅಸ್ತ್ರ ಇದೇ.

ಯಾರು ಪರದೇಶಿ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ನ್ಯಾಯಾಧೀಶರು ಕೊಟ್ಟ ಪ್ರಸಿದ್ಧ ಉತ್ತರವೂ ಒಂದು ಜಮೀನಿನ ದಾವೆಯಿಂದಲೇ, ಅದೂ ಒಂದು ಮಗುವಿನ ದಾವೆಯಿಂದಲೇ ಹುಟ್ಟಿತು ಎಂಬುದನ್ನು ಗಮನಿಸಬೇಕು. 1603ರಲ್ಲಿ ಸ್ಕಾಟ್ಲೆಂಡಿನ ರಾಜ ಜೇಮ್ಸನು ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದಾಗ ಒಬ್ಬನೇ ರಾಜನಿಗೆ ಎರಡು ರಾಜ್ಯಗಳಾದವು. ಆ ಬಳಿಕ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು ಇಂಗ್ಲೆಂಡಿನಲ್ಲಿ ಭೂಮಿ ಹೊಂದಬಹುದೇ ಎಂಬುದು ಬಿಡಿಸಬೇಕಾದ ಗಂಟಾಯಿತು. ಅದನ್ನು ಬಿಡಿಸಲೆಂದೇ ಎಡಿನ್‌ಬರೋದಲ್ಲಿ ಹುಟ್ಟಿದ ರಾಬರ್ಟ್ ಕ್ಯಾಲ್ವಿನ್ ಎಂಬ ಎಳೆಯ ಮಗುವಿನ ಹೆಸರಿನಲ್ಲಿ ಲಂಡನ್ನಿನ ಶೋರ್‌ಡಿಚ್ ಪ್ರದೇಶದ ಭೂಮಿಯ ಬಗ್ಗೆ ದಾವೆ ಹೂಡಲಾಯಿತು. ಎಡ್ವರ್ಡ್ ಕೋಕ್ ಮೊದಲಾದ ನ್ಯಾಯಾಧೀಶರು 1608ರಲ್ಲಿ, ಮಗು ಹುಟ್ಟಿದ್ದು ಅದೇ ರಾಜನ ರಕ್ಷಣೆಯಲ್ಲಾದ್ದರಿಂದ ಅದು ಪರದೇಶಿಯಲ್ಲ, ಭೂಮಿ ಹೊಂದಬಹುದು ಎಂದು ತೀರ್ಪಿತ್ತರು. ಹುಟ್ಟಿದ ಜಾಗವೇ ಪ್ರಜೆಯನ್ನು ನಿರ್ಣಯಿಸುತ್ತದೆಂಬ ತತ್ತ್ವ ಈ ತೀರ್ಪಿನ ಮೂಲಕ ಅಮೆರಿಕಕ್ಕೂ ಹೋಯಿತು; ಮೂರು ಶತಮಾನಗಳ ತರುವಾಯ ಜಪಾನೀ ರೈತರ ಮಕ್ಕಳನ್ನು ಕಾಪಾಡಿದ್ದು ಅದೇ ತತ್ತ್ವ.

ಯುರೋಪಿನಲ್ಲಿ ಈ ಕಟ್ಟು ಹತ್ತೊಂಬತ್ತನೆಯ ಶತಮಾನದಲ್ಲಿ ಸಡಿಲವಾಯಿತು. ಫ್ರಾನ್ಸಿನಲ್ಲಿ ಸತ್ತ ಪರದೇಶಿಯ ಆಸ್ತಿಯನ್ನು ರಾಜನು ತೆಗೆದುಕೊಳ್ಳುವ ಹಕ್ಕನ್ನು ಕ್ರಾಂತಿಯ ಶಾಸನಸಭೆ 1790ರಲ್ಲಿ ರದ್ದುಗೊಳಿಸಿತು, ನಡುವೆ ಭಾಗಶಃ ಮರಳಿ ಬಂದ ಅದು 1819ರಲ್ಲಿ ಪೂರ್ತಿ ಅಳಿಯಿತು. ಬ್ರಿಟನ್ 1870ರ ಪೌರತ್ವ ಕಾಯಿದೆಯಿಂದ ಪರದೇಶಿಗಳಿಗೆ ತನ್ನ ಪ್ರಜೆಗಳಂತೆಯೇ ಭೂಮಿ ಹೊಂದುವ ಹಕ್ಕು ಕೊಟ್ಟಿತು. ಆದರೆ ಆಳುವವರು ತಾವೇ ಪರದೇಶಿಗಳಾಗಿದ್ದ ಕಡೆ ಈ ಪ್ರಶ್ನೆ ಇನ್ನೂ ಬೇಗ, ಇನ್ನೂ ಸುಲಭವಾಗಿ ಇತ್ಯರ್ಥವಾಗಿತ್ತೆಂಬುದನ್ನು ಕನ್ನಡನಾಡಿನ ಓದುಗರು ಮರೆಯಲಾಗದು. ಈಸ್ಟ್ ಇಂಡಿಯಾ ಕಂಪನಿಯು ತನ್ನ ವ್ಯಾಪಾರದ ಹಿತಕ್ಕಾಗಿ ಯುರೋಪಿಯನ್ನರು ಭಾರತದಲ್ಲಿ ಮನಬಂದಂತೆ ನೆಲೆಸಿ ಭೂಮಿ ಮಾಡಿಕೊಳ್ಳುವುದನ್ನು ಬಹುಕಾಲ ತಡೆದಿತ್ತು. 1833ರ ಸನ್ನದು ಕಾಯಿದೆ ಆ ತಡೆಯನ್ನು ಕಿತ್ತುಹಾಕಿತು. ಕೊಡಗು, ಚಿಕ್ಕಮಗಳೂರು, ಮಂಜರಾಬಾದಿನ ಇಳಿಜಾರುಗಳಲ್ಲಿ ಯುರೋಪಿಯನ್ ಕಾಫಿ ತೋಟಗಳು ಹಬ್ಬಿದ್ದು ಹೆಚ್ಚಾಗಿ ಅದರ ಮುಂದಿನ ದಶಕಗಳಲ್ಲಿ. ಸಾವಿರಾರು ಮೈಲಿ ದೂರದಿಂದ ಬಂದವರು ಇಲ್ಲಿ ನೂರಾರು ಎಕರೆಯ ಒಡೆಯರಾಗುವುದಕ್ಕೆ ಅವರದೇ ಸಂಸತ್ತಿನ ಒಂದು ಕಾಯಿದೆ ಸಾಕಾಯಿತು. ಇಲ್ಲಿಂದ ಹೊರಗೆ ಹೋದವರ ಕಥೆ ಬೇರೆಯಾಗಿತ್ತು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಭೂಮಿಯ ಒಡೆತನವನ್ನು ನಿಯಂತ್ರಿಸುವುದು ಆಯಾ ರಾಜ್ಯದ ಅಧಿಕಾರ, ಪೌರತ್ವ ಕೊಡುವುದು ಕೇಂದ್ರದ ಅಧಿಕಾರ. ಈ ಎರಡು ಅಧಿಕಾರಗಳು ಕೂಡಿ ಒಂದು ಬಲೆ ಹೆಣೆದದ್ದನ್ನು ತಿಳಿಯದೆ ಕ್ಯಾಲಿಫೋರ್ನಿಯಾದ ಕಾಯಿದೆ ಅರ್ಥವಾಗುವುದಿಲ್ಲ. 1790ರ ಕೇಂದ್ರ ಕಾಯಿದೆಯ ಪ್ರಕಾರ ಸ್ವತಂತ್ರ ಬಿಳಿಯರು ಮಾತ್ರ ಹೊರಗಿನಿಂದ ಬಂದು ಪೌರತ್ವ ಪಡೆಯಬಹುದಾಗಿತ್ತು; ಅಂತರ್ಯುದ್ಧದ ಬಳಿಕ, 1870ರಲ್ಲಿ, ಆಫ್ರಿಕಾ ಮೂಲದವರನ್ನೂ ಸೇರಿಸಲಾಯಿತು. ಏಷ್ಯಾದವರು ಎರಡು ಗುಂಪಿಗೂ ಸೇರದೆ ಹೊರಗುಳಿದರು, ಎಷ್ಟು ವರ್ಷ ದುಡಿದರೂ ಪರದೇಶಿಗಳಾಗಿಯೇ ಇರಬೇಕಾಯಿತು. ಕ್ಯಾಲಿಫೋರ್ನಿಯಾದ 1849ರ ಮೊದಲ ಸಂವಿಧಾನವು ರಾಜ್ಯದಲ್ಲಿ ನೆಲೆಸಿದ ಎಲ್ಲ ಪರದೇಶಿಗಳಿಗೂ ಆಸ್ತಿಯ ವಿಷಯದಲ್ಲಿ ಅಲ್ಲೇ ಹುಟ್ಟಿದವರಿಗೆ ಸಮಾನವಾದ ಹಕ್ಕು ಕೊಟ್ಟಿತ್ತು. ಆದರೆ ಚೀನೀಯರ ವಿರುದ್ಧ ದ್ವೇಷ ಕುದಿಯುತ್ತಿದ್ದಾಗ ಬರೆದ 1879ರ ಎರಡನೆಯ ಸಂವಿಧಾನವು ಆ ಭರವಸೆಯನ್ನು ಬಿಳಿಯ ಜನಾಂಗದ ಅಥವಾ ಆಫ್ರಿಕಾ ಮೂಲದ, ಪೌರತ್ವಕ್ಕೆ ಅರ್ಹರಾದ ಪರದೇಶಿಗಳಿಗೆ ಸೀಮಿತಗೊಳಿಸಿತು. ಅರ್ಹತೆ ಎಂಬ ಆ ಪದವೇ ಮುಂದಿನ ಕಾಯಿದೆಗಳ ಕೀಲಿಯಾಯಿತು.

ಜಪಾನೀಯರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಚೀನೀ ಕೂಲಿಗಳ ಪ್ರವೇಶವನ್ನು 1882ರಲ್ಲಿ ನಿಷೇಧಿಸಿದ ಮೇಲೆ. ಕೂಲಿಗಳಾಗಿ ಬಂದವರು ಕೆಲವೇ ವರ್ಷಗಳಲ್ಲಿ ಕೂಡಿಟ್ಟ ಹಣದಿಂದ ಗೇಣಿಗೆ, ಬೆಳೆಪಾಲಿನ ವಾರಕ್ಕೆ ಭೂಮಿ ಹಿಡಿದು, ಬಿಳಿಯ ರೈತರು ಕೈಬಿಟ್ಟ ಜೌಗು ನೆಲದಲ್ಲಿಯೂ ಸವಳು ನೆಲದಲ್ಲಿಯೂ ತರಕಾರಿ, ಸ್ಟ್ರಾಬೆರಿ, ಆಲೂಗೆಡ್ಡೆ ಬೆಳೆದರು. ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕಿನ್ ನದಿಗಳ ಮುಖಜಭೂಮಿಯಲ್ಲಿ ಆಲೂಗೆಡ್ಡೆ ಬೆಳೆದು ಶ್ರೀಮಂತನಾದ ಜಾರ್ಜ್ ಶಿಮಾನನ್ನು ಪತ್ರಿಕೆಗಳು ಆಲೂಗೆಡ್ಡೆಯ ದೊರೆಯೆಂದು ಕರೆದವು. ಅದೇ ಶಿಮಾ 1909ರಲ್ಲಿ ಬರ್ಕ್ಲಿಯಲ್ಲಿ ಮನೆ ಕೊಂಡಾಗ ನೆರೆಹೊರೆಯವರು ಪ್ರತಿಭಟಿಸಿದರು. ಕೂಲಿಯವನಾಗಿ ಬೇಕಾದವನು ಒಕ್ಕಲಿಗನಾಗಿ ಬೇಡವಾದನು. 1907–08ರ ಒಪ್ಪಂದದಂತೆ ಜಪಾನ್ ಸರ್ಕಾರವು ಕೂಲಿಗಳಿಗೆ ಪಾಸ್‌ಪೋರ್ಟ್ ಕೊಡುವುದನ್ನು ನಿಲ್ಲಿಸಿತಾದರೂ, ಆಗಲೇ ನೆಲೆಸಿದ್ದವರ ಹೆಂಡತಿಯರು ಬರಲು ಅವಕಾಶವಿತ್ತು. ಹೀಗಾಗಿ ಒಂಟಿ ಗಂಡಸರ ಬಿಡಾರಗಳು ಸಂಸಾರಗಳಾದವು, ಆ ಸಂಸಾರಗಳಲ್ಲಿ ಅಮೆರಿಕದ ನೆಲದಲ್ಲೇ ಮಕ್ಕಳು ಹುಟ್ಟಿದರು.

1913ರ ವಸಂತದಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಪರದೇಶಿ ಭೂಕಾಯಿದೆಯನ್ನು ಕೈಗೆತ್ತಿಕೊಂಡಿತು. ಜಪಾನ್ ಸರ್ಕಾರ ಪ್ರತಿಭಟಿಸಿದ್ದರಿಂದ ಅಧ್ಯಕ್ಷ ವುಡ್ರೊ ವಿಲ್ಸನ್ ತಮ್ಮ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರನ್ನು ಸ್ಯಾಕ್ರಮೆಂಟೊಗೆ ಕಳುಹಿಸಿ ಮನವೊಲಿಸಲು ನೋಡಿದರು. ಗವರ್ನರ್ ಹೈರಮ್ ಜಾನ್ಸನ್ ಅದಕ್ಕೆ ಮಣಿಯದೆ ಮೇ 19ರಂದು ಸಹಿ ಹಾಕಿದರು. ಕಾಯಿದೆಯಲ್ಲಿ ಜಪಾನ್ ಎಂಬ ಹೆಸರಿರಲಿಲ್ಲ, ಜನಾಂಗ ಎಂಬ ಮಾತಿರಲಿಲ್ಲ. ಪೌರತ್ವಕ್ಕೆ ಅರ್ಹರಾದ ಪರದೇಶಿಗಳು ಎಂದಿನಂತೆ ಭೂಮಿ ಕೊಳ್ಳಬಹುದು. ಅನರ್ಹರಾದವರು ತಮ್ಮ ದೇಶದೊಡನೆ ಇರುವ ಒಪ್ಪಂದ ಎಷ್ಟಕ್ಕೆ ಅವಕಾಶ ಕೊಟ್ಟಿದೆಯೋ ಅಷ್ಟನ್ನು ಮಾತ್ರ ಹೊಂದಬಹುದು, ಕೃಷಿಭೂಮಿಯನ್ನು ಮೂರು ವರ್ಷಕ್ಕೆ ಮೀರದಂತೆ ಗುತ್ತಿಗೆಗೆ ಹಿಡಿಯಬಹುದು, ಮೀರಿದರೆ ಭೂಮಿ ರಾಜಗಾಮಿ ಎಂಬುದಷ್ಟೇ ಅದರ ಸಾರ. ಜಪಾನಿನೊಡನೆ 1911ರಲ್ಲಾಗಿದ್ದ ಒಪ್ಪಂದವು ಮನೆ, ಅಂಗಡಿ, ಕಾರ್ಖಾನೆ, ಗೋದಾಮುಗಳ ಮಾತೆತ್ತಿತ್ತೇ ಹೊರತು ಹೊಲದ ಮಾತೆತ್ತಿರಲಿಲ್ಲ. ಕಾಯಿದೆ ಬರೆದವರು ಆ ಮೌನವನ್ನು ಚೆನ್ನಾಗಿ ಬಳಸಿಕೊಂಡರು. ಕರಡು ರಚನೆಯಲ್ಲಿ ಪಾಲ್ಗೊಂಡ ಅಟಾರ್ನಿ ಜನರಲ್ ಯುಲಿಸಿಸ್ ವೆಬ್, ಏಷ್ಯಾದವರು ನೆಲದ ಆಸೆಯಿಂದ ಬರದಂತೆಯೂ ಬಂದವರು ನಿಲ್ಲದಂತೆಯೂ ಮಾಡುವುದೇ ಉದ್ದೇಶವೆಂದು ಬಹಿರಂಗವಾಗಿಯೇ ಹೇಳಿದರು. ಮಾತಿನಲ್ಲಿ ಜನಾಂಗವನ್ನು ಒಪ್ಪಿಕೊಂಡು ಬರಹದಲ್ಲಿ ಅದನ್ನು ಮುಚ್ಚಿಟ್ಟ ಈ ಬಗೆಯ ಕಾಯಿದೆಯು ನೇರವಾದ ನಿಷೇಧಕ್ಕಿಂತ ಹೆಚ್ಚು ಅಪಾಯಕಾರಿಯಾದದ್ದು, ಏಕೆಂದರೆ ನ್ಯಾಯಾಲಯವು ಅಕ್ಷರವನ್ನಷ್ಟೇ ಓದಿ ಅದನ್ನು ಎತ್ತಿಹಿಡಿಯಲು ಅದು ದಾರಿ ಮಾಡಿಕೊಡುತ್ತದೆ.

ಆದರೆ ಬಲೆಯಲ್ಲಿ ಒಂದು ಕಣ್ಣು ದೊಡ್ಡದಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಚೀನೀ ಮೂಲದವನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1898ರಲ್ಲಿ, ಆ ನೆಲದಲ್ಲಿ ಹುಟ್ಟಿದ ಮಗು ತಂದೆತಾಯಿಗಳು ಯಾರೇ ಆಗಿರಲಿ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯ ಪ್ರಕಾರ ಹುಟ್ಟಿನಿಂದಲೇ ಪೌರ ಎಂದು ಹೇಳಿಯಾಗಿತ್ತು. ತಂದೆಗೆ ಇಲ್ಲದ ಹಕ್ಕು ತೊಟ್ಟಿಲಿನ ಮಗುವಿಗೆ ಇತ್ತು. ಲಾಸ್ ಏಂಜಲಿಸಿನ ಪೂರ್ವಕ್ಕಿರುವ ರಿವರ್‌ಸೈಡ್ ಎಂಬ ಊರಿನಲ್ಲಿ ಹೋಟೆಲು ನಡೆಸುತ್ತಿದ್ದ ಜುಕಿಚಿ ಹರಾಡಾ ಎಂಬುವರು ಇದನ್ನು ಬಳಸಿಕೊಂಡವರಲ್ಲಿ ಮೊದಲಿಗರು. ಇಕ್ಕಟ್ಟಾದ ಬಾಡಿಗೆ ವಸತಿಯಲ್ಲಿದ್ದಾಗ ಒಬ್ಬ ಮಗ ಡಿಫ್ತೀರಿಯಾದಿಂದ ತೀರಿಕೊಂಡ ಮೇಲೆ ಒಳ್ಳೆಯ ಗಾಳಿ ಬೆಳಕಿನ ಮನೆ ಬೇಕೆಂದು ಅವರು 1915ರಲ್ಲಿ ಲೆಮನ್ ಬೀದಿಯಲ್ಲಿ ಒಂದು ಮನೆ ಕೊಂಡು, ಕ್ರಯಪತ್ರವನ್ನು ಅಮೆರಿಕದಲ್ಲಿ ಹುಟ್ಟಿದ ಮೂವರು ಮಕ್ಕಳಾದ ಮಿನೆ, ಸುಮಿ, ಯೋಶಿಜೊ ಅವರ ಹೆಸರಿಗೆ ಮಾಡಿಸಿದರು. ಬೀದಿಯ ಬಿಳಿಯರು ಸಮಿತಿ ಕಟ್ಟಿಕೊಂಡು, ಮನೆಯನ್ನು ತಮಗೇ ಮಾರಿಬಿಡುವಂತೆ ಒತ್ತಾಯಿಸಿದರು. ಒಪ್ಪದಿದ್ದಾಗ ರಾಜ್ಯ ಸರ್ಕಾರವೇ ದಾವೆ ಹೂಡಿತು. 1918ರಲ್ಲಿ ನ್ಯಾಯಾಧೀಶ ಹ್ಯೂ ಕ್ರೇಗ್ ತೀರ್ಪು ಕೊಡುತ್ತ ಕಾಯಿದೆಯ ಸಿಂಧುತ್ವವನ್ನು ಮುಟ್ಟಲಿಲ್ಲ, ಆದರೆ ಮಕ್ಕಳು ಪೌರರಾದ್ದರಿಂದ ಮನೆ ಅವರದೇ ಎಂದರು.

ಈ ಬಗೆಯ ಕ್ರಯಗಳು ಹೆಚ್ಚಿದ್ದನ್ನು ಕಂಡ ಕಾಯಿದೆಯ ಬೆಂಬಲಿಗರು ಬಲೆಯ ಕಣ್ಣುಗಳನ್ನು ಬಿಗಿಗೊಳಿಸಲು ಜನಮತವನ್ನೇ ಕೇಳಿದರು. ಆ ಹೊತ್ತಿಗೆ ಜಪಾನೀಯರು ಸ್ವಂತ, ಗುತ್ತಿಗೆ, ವಾರ ಎಲ್ಲವೂ ಸೇರಿ ರಾಜ್ಯದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಎಕರೆ ಸಾಗುವಳಿ ಮಾಡುತ್ತಿದ್ದರು. 1920ರ ನವೆಂಬರಿನಲ್ಲಿ ಮತದಾರರು ಮೂರಕ್ಕೆ ಒಂದರಂತೆ ಒಪ್ಪಿದ ಹೊಸ ಕಾಯಿದೆಯು ಮೂರು ವರ್ಷದ ಗುತ್ತಿಗೆಯನ್ನೂ ಕಿತ್ತುಹಾಕಿತು, ಭೂಮಿ ಹೊಂದಿದ ಕಂಪನಿಗಳ ಷೇರು ಕೊಳ್ಳುವುದನ್ನು ತಡೆಯಿತು, ಅನರ್ಹ ತಂದೆಯು ತನ್ನ ಮೈನರ್ ಮಗುವಿನ ಭೂಮಿಗೆ ಗಾರ್ಡಿಯನ್ ಆಗುವುದನ್ನೂ ನಿಷೇಧಿಸಿತು. ಅನರ್ಹನು ಹಣ ಕೊಟ್ಟು ಬೇರೊಬ್ಬರ ಹೆಸರಿಗೆ ಕ್ರಯ ಮಾಡಿಸಿದರೆ ಅದು ಕಾಯಿದೆಯನ್ನು ತಪ್ಪಿಸಲೆಂದೇ ಮಾಡಿದ್ದೆಂದು ಭಾವಿಸಬೇಕು, ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಕೊಂಡವರದು ಎಂಬ ಕಲಮು ಎಲ್ಲಕ್ಕಿಂತ ಕಠೋರವಾಗಿತ್ತು. ಇವುಗಳಲ್ಲಿ ಗಾರ್ಡಿಯನ್ ನಿಷೇಧವು ಬೇಗನೆ ಬಿತ್ತು. ಬ್ಯೂಟ್ ಕೌಂಟಿಯಲ್ಲಿ 14 ಎಕರೆಯ ಒಡತಿಯಾಗಿದ್ದ ತೆತ್ಸುಬುಮಿ ಯಾನೊ ಎಂಬ ಪುಟ್ಟ ಹುಡುಗಿಯ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟು 1922ರಲ್ಲಿ, ಮಗುವಿಗೆ ತನ್ನ ತಂದೆಯನ್ನೇ ಗಾರ್ಡಿಯನ್ ಆಗಿ ಪಡೆಯುವ ಹಕ್ಕಿದೆ ಎಂದಿತು.

ಆ ವರ್ಷ ಮುಗಿಯುವ ಮುನ್ನವೇ ಬಾಗಿಲುಗಳು ಒಂದರ ಹಿಂದೊಂದು ಮುಚ್ಚತೊಡಗಿದವು. 1922ರ ನವೆಂಬರಿನಲ್ಲಿ ತಕಾವೊ ಒಜಾವಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಜಪಾನೀಯರು ಕಕೇಷಿಯನ್ ಜನಾಂಗದವರಲ್ಲವಾದ್ದರಿಂದ ಬಿಳಿಯರಲ್ಲ ಎಂದು ತೀರ್ಮಾನಿಸಿತು. ಮೂರು ತಿಂಗಳ ಬಳಿಕ, 1923ರ ಫೆಬ್ರವರಿ 19ರಂದು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣ ಬಂದಾಗ, ಹಿಂದಿನ ತೀರ್ಪನ್ನು ಬರೆದಿದ್ದ ನ್ಯಾಯಮೂರ್ತಿ ಸದರ್ಲೆಂಡ್ ಅವರೇ ಮಾನವಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಭಾರತೀಯನು ಬಿಳಿಯನಲ್ಲ ಎಂದು ಬರೆದರು. ಒಂದರಲ್ಲಿ ಶಾಸ್ತ್ರ, ಇನ್ನೊಂದರಲ್ಲಿ ಲೋಕರೂಢಿ ಪ್ರಮಾಣವಾಯಿತು. ಎರಡರ ಫಲ ಒಂದೇ. ಆ ವರ್ಷದ ನವೆಂಬರಿನಲ್ಲಿ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ ಭೂಕಾಯಿದೆಗಳನ್ನು ಪ್ರಶ್ನಿಸಿದ್ದ ನಾಲ್ಕು ಪ್ರಕರಣಗಳಲ್ಲಿಯೂ ಅದೇ ನ್ಯಾಯಾಲಯ ಕಾಯಿದೆಗಳನ್ನು ಎತ್ತಿಹಿಡಿಯಿತು. ವಾರದ ಒಪ್ಪಂದ ಕೂಡ, ಅಂದರೆ ಬೆಳೆಯಲ್ಲಿ ಪಾಲು ಪಡೆದು ಬೇರೊಬ್ಬರ ಹೊಲ ಉಳುವುದು ಕೂಡ, ನಿಷೇಧಕ್ಕೊಳಗಾಯಿತು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರ ಪೌರತ್ವವನ್ನು ಸರ್ಕಾರ ಕಿತ್ತುಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೊ ದಾಸ್ ಬಗಾಯಿ ಅವರು ಪೌರತ್ವವನ್ನೂ ಅದರೊಡನೆ ಆಸ್ತಿಯನ್ನೂ ಕಳೆದುಕೊಂಡು, 1928ರಲ್ಲಿ ಪ್ರಾಣ ಬಿಟ್ಟರು. ಸಾಯುವ ಮುನ್ನ ಪತ್ರಿಕೆಗೆ ಬರೆದ ಕಾಗದದಲ್ಲಿ ತಮ್ಮ ಸಾವಿಗೆ ಈ ಅನ್ಯಾಯವೇ ಕಾರಣವೆಂದು ತಿಳಿಸಿದ್ದರು.

ಭಾರತೀಯರಲ್ಲಿ ಬೇಸಾಯಕ್ಕಿಳಿದವರು ಹೆಚ್ಚಾಗಿ ಪಂಜಾಬಿನ ಸಿಖ್ಖರು. ಮೆಕ್ಸಿಕೊ ಗಡಿಗೆ ಹತ್ತಿಕೊಂಡಿರುವ ಇಂಪೀರಿಯಲ್ ಕಣಿವೆಯು ಕೊಲರಾಡೊ ನದಿಯ ಕಾಲುವೆ ನೀರು ಬರುವ ತನಕ ಮರಳುಗಾಡಾಗಿತ್ತು. ಅದನ್ನು ಹತ್ತಿ, ಕರ್ಬೂಜ, ಕುದುರೆಮಸಾಲೆಯ ಹೊಲವಾಗಿಸಿದವರಲ್ಲಿ ಇವರೂ ಸೇರಿದ್ದಾರೆ. ಹೆಂಡತಿಯರನ್ನು ಊರಿನಿಂದ ಕರೆತರಲು ವಲಸೆ ಕಾಯಿದೆ ಬಿಡದ ಕಾರಣ ಇವರಲ್ಲಿ ಅನೇಕರು ಮೆಕ್ಸಿಕನ್ ಮೂಲದ ಹೆಂಗಸರನ್ನು ಮದುವೆಯಾದರು. ಭೂಮಿಯನ್ನು ಹೆಂಡತಿಯ ಹೆಸರಿಗೆ ಮಾಡಿಸಲೆಂದೇ ಈ ಮದುವೆಗಳಾದವೆಂಬ ಮಾತು ಪ್ರಚಾರದಲ್ಲಿದೆ, ಆದರೆ ಅದು ನಿಲ್ಲುವುದಿಲ್ಲ: ಮದುವೆಗಳು ಥಿಂಡ್ ತೀರ್ಪಿಗೆ ಮುಂಚೆಯೇ ಮೊದಲಾಗಿದ್ದವು, ಅಲ್ಲದೆ 1922ರ ಒಂದು ಕೇಂದ್ರ ಕಾಯಿದೆಯಂತೆ ಪೌರತ್ವಕ್ಕೆ ಅನರ್ಹನಾದವನನ್ನು ವರಿಸಿದ ಅಮೆರಿಕನ್ ಹೆಂಗಸು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು, ಆ ನಿಯಮ 1931ರವರೆಗೂ ಉಳಿದಿತ್ತು. ಭೂಮಿ ಉಳಿಸಿಕೊಳ್ಳಲು ಅವರಿಗಿದ್ದ ದಾರಿಗಳು ಬೇರೆ. ನಂಬಿಕಸ್ಥ ಬಿಳಿಯ ಸ್ನೇಹಿತನ, ವಕೀಲನ ಅಥವಾ ಬ್ಯಾಂಕಿನವನ ಹೆಸರಿನಲ್ಲಿ ಗುತ್ತಿಗೆ ಬರೆಸಿ ತಾವು ಕೂಲಿಗಳೆಂದು ತೋರಿಸಿಕೊಳ್ಳುವುದು ಒಂದು, ಹೆಸರಿಗಷ್ಟೇ ನಿರ್ದೇಶಕರಿರುವ ಕಂಪನಿ ಕಟ್ಟುವುದು ಇನ್ನೊಂದು, ಮಕ್ಕಳು ಹುಟ್ಟಿದ ಮೇಲೆ ಅವರ ಹೆಸರಿಗೆ ಕ್ರಯ ಮಾಡಿಸಿ ತಾವು ಗಾರ್ಡಿಯನ್ ಆಗುವುದು ಮತ್ತೊಂದು.

ಕರ್ನಾಟಕದ ಹಳ್ಳಿಗಳಲ್ಲಿ ಇದಕ್ಕೆಲ್ಲ ಬೇನಾಮಿ ಎಂಬ ಒಂದೇ ಹೆಸರು ಸಾಕಾಗುತ್ತದೆ, ಆ ಹೆಸರಿಗೆ ಅಂಟಿಕೊಂಡಿರುವ ವಂಚನೆಯ ಅರ್ಥವೂ ಎಲ್ಲರಿಗೂ ಗೊತ್ತಿದೆ. ಆದರೆ ತೆರಿಗೆ ತಪ್ಪಿಸಲು ಉಳ್ಳವರು ಮಾಡುವ ಬೇನಾಮಿಗೂ ತಾನು ಹದ ಮಾಡಿದ ನೆಲದಲ್ಲಿ ನಿಲ್ಲಲು ಉಳುವವನು ಮಾಡುವ ಬೇನಾಮಿಗೂ ನಡುವೆ ಇರುವ ಅಂತರವನ್ನು ಇತಿಹಾಸಕಾರರು ಮರೆಯಬಾರದು. ಕಾಗದದಲ್ಲಿ ತನ್ನ ಹೆಸರಿಲ್ಲದ ರೈತನು ಹೆಸರಿದ್ದವನ ಪ್ರಾಮಾಣಿಕತೆಯನ್ನೇ ನೆಚ್ಚಿ ಬಾಳಬೇಕಾಗಿತ್ತು. ಅವನು ಮೋಸ ಮಾಡಿದರೆ ದೂರು ಕೊಡಲು ಹೋದವನೇ ಅಪರಾಧಿಯಾಗುತ್ತಿದ್ದನು. ಕಾಯಿದೆಯು ಏಷ್ಯಾದ ರೈತರನ್ನು ಹೊಲದಿಂದ ಪೂರ್ತಿಯಾಗಿ ಓಡಿಸಲಿಲ್ಲ ಎಂಬುದು ನಿಜ. ಆದರೆ ಅವರ ಪ್ರತಿಯೊಂದು ಬೆಳೆಯನ್ನೂ ಇನ್ನೊಬ್ಬರ ದಯೆಗೆ ಒಪ್ಪಿಸಿತು, ಸಾಲ ಹುಟ್ಟದಂತೆ ಮಾಡಿತು, ಬಾವಿ ತೋಡಿ ಮರ ನೆಟ್ಟು ಇಪ್ಪತ್ತು ವರ್ಷ ಕಾಯುವ ಧೈರ್ಯವನ್ನು ಕಿತ್ತುಕೊಂಡಿತು. ಅನರ್ಹ ಪರದೇಶಿಗಳ ಮೇಲೆ ಇಂಥ ನಿರ್ಬಂಧಗಳನ್ನು ಹತ್ತಕ್ಕೂ ಹೆಚ್ಚು ರಾಜ್ಯಗಳು ತಂದವು. ಅವುಗಳಲ್ಲಿ ಏಷ್ಯಾದ ರೈತರು ತೀರ ಕಡಿಮೆಯಿದ್ದ ರಾಜ್ಯಗಳೂ ಇದ್ದವು.

ಕಾಯಿದೆಯ ಬುಡ ಅಲ್ಲಾಡಿದ್ದು ಮತ್ತೊಬ್ಬ ಹುಡುಗನ ಪ್ರಕರಣದಲ್ಲಿ. ಕಾಜಿರೊ ಒಯಾಮಾ ಎಂಬ ರೈತರು 1934ರಲ್ಲಿ ಸ್ಯಾನ್ ಡಿಯೇಗೊ ಪ್ರಾಂತದಲ್ಲಿ ಆರು ಎಕರೆ ಹೊಲವನ್ನು ಆರು ವರ್ಷದ ಮಗ ಫ್ರೆಡ್ ಹೆಸರಿಗೆ 4,000 ಡಾಲರಿಗೆ ಕೊಂಡರು, 1937ರಲ್ಲಿ ಪಕ್ಕದ ಎರಡು ಎಕರೆಯನ್ನೂ ಸೇರಿಸಿದರು, ನಡುವೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಮಗನಿಗೆ ಗಾರ್ಡಿಯನ್ ಆದರು. ಜಪಾನಿನೊಡನೆ ಯುದ್ಧ ಶುರುವಾದ ಮೇಲೆ 1942ರಲ್ಲಿ ಪಶ್ಚಿಮ ಕರಾವಳಿಯ ಒಂದು ಲಕ್ಷಕ್ಕೂ ಹೆಚ್ಚು ಜಪಾನೀ ಮೂಲದವರನ್ನು, ಅವರಲ್ಲಿ ಮೂರರಲ್ಲಿ ಎರಡು ಪಾಲು ಪೌರರೇ ಆಗಿದ್ದರೂ, ಸರ್ಕಾರ ಮನೆಗಳಿಂದ ಹೊರಡಿಸಿತು. ಒಯಾಮಾ ಕುಟುಂಬವೂ ಹೊರಟಿತು. 1944ರಲ್ಲಿ, ಹುಡುಗನು ತನ್ನ ಹೊಲಕ್ಕೆ ಮರಳಲು ಸರ್ಕಾರವೇ ಬಿಡದಿದ್ದ ಹೊತ್ತಿನಲ್ಲಿ, ಆ ಹೊಲ ರಾಜಗಾಮಿಯಾಗಬೇಕೆಂದು ರಾಜ್ಯವು ದಾವೆ ಹೂಡಿತು. ಮರುವರ್ಷ ಶಾಸನಸಭೆಯು ಇಂಥ ದಾವೆಗಳಿಗೆಂದು 2,00,000 ಡಾಲರ್ ಮಂಜೂರು ಮಾಡಿತು. ಮನೆ ಬಿಟ್ಟು ಹೋಗಿರುವವರ ನೆಲದ ಮೇಲೆ ಕೈ ಹಾಕಿದ ಈ ನಡೆಗೆ ಕಾನೂನಿನ ಯಾವ ಸಮರ್ಥನೆಯೂ ಗೌರವ ತಂದುಕೊಡಲಾರದು. 1948ರ ಜನವರಿ 19ರಂದು ಅಮೆರಿಕದ ಸುಪ್ರೀಂ ಕೋರ್ಟು ಆರಕ್ಕೆ ಮೂರರ ಬಹುಮತದಿಂದ ಫ್ರೆಡ್ ಪರವಾಗಿ ತೀರ್ಪಿತ್ತಿತು: ಬೇರೆ ತಂದೆ ಮಗುವಿಗೆ ಭೂಮಿ ಕೊಟ್ಟರೆ ಉಡುಗೊರೆ, ಜಪಾನೀ ತಂದೆ ಕೊಟ್ಟರೆ ವಂಚನೆ ಎಂದು ಭಾವಿಸುವುದು ಆ ಮಗುವಿನ ಪೌರತ್ವಕ್ಕೇ ಅನ್ಯಾಯವೆಂದಿತು. ನಾಲ್ವರು ನ್ಯಾಯಮೂರ್ತಿಗಳು ಕಾಯಿದೆಯೇ ಸಂವಿಧಾನಬಾಹಿರವೆಂದು ಪ್ರತ್ಯೇಕವಾಗಿ ಬರೆದರಾದರೂ ಬಹುಮತದ ತೀರ್ಪು ಅಷ್ಟು ದೂರ ಹೋಗಲಿಲ್ಲ.

ಉಳಿದ ಕೆಲಸವನ್ನು ಮಾಡಿದವರು ಸೇಯ್ ಫುಜಿಯಿ. ಅವರು ಕ್ಯಾಲಿಫೋರ್ನಿಯಾದಲ್ಲೇ ಕಾನೂನು ಪದವಿ ಪಡೆದಿದ್ದರೂ ಪೌರನಲ್ಲವೆಂಬ ಕಾರಣಕ್ಕೆ ವಕೀಲಿ ಮಾಡಲಾಗದೆ ಲಾಸ್ ಏಂಜಲಿಸಿನಲ್ಲಿ ಜಪಾನೀ ಪತ್ರಿಕೆ ನಡೆಸುತ್ತಿದ್ದರು. 1948ರಲ್ಲಿ ಅವರು ಮಗುವಿನ ಹೆಸರನ್ನೂ ಸ್ನೇಹಿತನ ಹೆಸರನ್ನೂ ಮುಂದಿಡದೆ, ಕಾಯಿದೆಯನ್ನು ಪರೀಕ್ಷಿಸಲೆಂದೇ ತಮ್ಮ ಸ್ವಂತ ಹೆಸರಿಗೆ ಒಂದು ನಿವೇಶನ ಕೊಂಡರು. 1950ರಲ್ಲಿ ಕೆಳಗಿನ ಮೇಲ್ಮನವಿ ನ್ಯಾಯಾಲಯವು ವಿಶ್ವಸಂಸ್ಥೆಯ ಸನ್ನದಿನ ಮಾನವಹಕ್ಕುಗಳ ಮಾತನ್ನೇ ಆಧಾರವಾಗಿಟ್ಟುಕೊಂಡು ಕಾಯಿದೆ ಅಸಿಂಧುವೆಂದದ್ದು ಅಮೆರಿಕದಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. ರಾಜ್ಯದ ಸುಪ್ರೀಂ ಕೋರ್ಟು 1952ರ ಏಪ್ರಿಲಿನಲ್ಲಿ ಆ ಆಧಾರವನ್ನು ಒಪ್ಪಲಿಲ್ಲ, ಆದರೆ ಹದಿನಾಲ್ಕನೆಯ ತಿದ್ದುಪಡಿಯ ಸಮಾನ ರಕ್ಷಣೆಯ ತತ್ತ್ವದಡಿ ಕಾಯಿದೆಯನ್ನು ನಾಲ್ಕಕ್ಕೆ ಮೂರರಿಂದ ರದ್ದುಗೊಳಿಸಿತು. ಅದೇ ವರ್ಷದ ಕೇಂದ್ರ ಕಾಯಿದೆಯು ಪೌರತ್ವದಲ್ಲಿ ಜನಾಂಗದ ನಿರ್ಬಂಧವನ್ನು ತೆಗೆದುಹಾಕಿತು. ಭಾರತೀಯರಿಗೆ ಆ ಹಕ್ಕು 1946ರ ಜುಲೈನಲ್ಲಿ ಬಂದ ಲೂಸ್–ಸೆಲ್ಲರ್ ಕಾಯಿದೆಯಿಂದ ಸಿಕ್ಕಿಯಾಗಿತ್ತು. ಫುಜಿಯಿ 1954ರಲ್ಲಿ ಪೌರರಾಗಿ, ಎರಡು ತಿಂಗಳೂ ಕಳೆಯುವ ಮುನ್ನ ತೀರಿಕೊಂಡರು.

ಪುಸ್ತಕದಲ್ಲಿ ಉಳಿದಿದ್ದ ಸತ್ತ ಕಾಯಿದೆಯನ್ನು ಅಳಿಸಬೇಕೇ ಎಂಬ ಪ್ರಶ್ನೆ 1956ರ ನವೆಂಬರ್ 6ರಂದು ಮತದಾರರ ಮುಂದೆ ಬಂದಿತು, ಅವರು ಒಪ್ಪಿದರು. ಅದೇ ದಿನ ನಡೆದ ಚುನಾವಣೆಯಲ್ಲಿ ರಿವರ್‌ಸೈಡ್ ಮತ್ತು ಇಂಪೀರಿಯಲ್ ಕೌಂಟಿಗಳನ್ನೊಳಗೊಂಡ ಕ್ಷೇತ್ರವು ದಲೀಪ್ ಸಿಂಗ್ ಸೌಂದ್ ಅವರನ್ನು ಅಮೆರಿಕದ ಪ್ರತಿನಿಧಿಸಭೆಗೆ ಆರಿಸಿತು. ಬರ್ಕ್ಲಿಯಲ್ಲಿ ಗಣಿತದ ಡಾಕ್ಟರೇಟ್ ಪಡೆದರೂ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡುತ್ತ, ಎರಡು ದಶಕ ಪೌರತ್ವಕ್ಕೂ ಭೂಮಿಗೂ ಅನರ್ಹರಾಗಿದ್ದ ಸೌಂದ್, 1949ರಲ್ಲಿ ಪೌರರಾಗಿದ್ದರು. ಆ ಸಭೆಗೆ ಆರಿಸಿಬಂದ ಮೊದಲ ಏಷ್ಯನ್ ಅಮೆರಿಕನ್ ಅವರೇ.

ಇತರ ರಾಜ್ಯಗಳು ತಡಮಾಡಿದವು. ವಾಷಿಂಗ್ಟನ್ 1966ರಲ್ಲಿ ತನ್ನ ಕಾಯಿದೆಯನ್ನು ತೆಗೆಯಿತು, ಫ್ಲಾರಿಡಾದ ಸಂವಿಧಾನದಲ್ಲಿ ಆ ಕಲಮು 2018ರವರೆಗೂ ಇತ್ತು. ಅದನ್ನು ಅಳಿಸಿದ ಐದೇ ವರ್ಷಕ್ಕೆ, 2023ರಲ್ಲಿ, ಅದೇ ಫ್ಲಾರಿಡಾ ಚೀನಾ ಮೊದಲಾದ ದೇಶಗಳವರ ಭೂಖರೀದಿಗೆ ಹೊಸ ನಿರ್ಬಂಧಗಳನ್ನು ತಂದಿತು. ಕ್ಯಾಲಿಫೋರ್ನಿಯಾದಲ್ಲಾದರೋ, ಇಂದು ಸಿಲಿಕಾನ್ ಕಣಿವೆಯೆನಿಸಿರುವ ಸ್ಯಾಂಟಾ ಕ್ಲಾರಾ ಕಣಿವೆಯಲ್ಲಿ ಜಪಾನೀ ಕುಟುಂಬಗಳು ಸ್ಟ್ರಾಬೆರಿ ಬೆಳೆಯುತ್ತಿದ್ದ ಹೊಲಗಳ ಸುತ್ತಮುತ್ತ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಹೋದ ಕನ್ನಡಿಗರು ಪೌರತ್ವ ಬರುವುದಕ್ಕೆ ಮುಂಚೆಯೇ ತಮ್ಮ ಹೆಸರಿಗೆ ಮನೆ ಕೊಳ್ಳುತ್ತಾರೆ, ಯಾವ ಅಧಿಕಾರಿಯೂ ಅವರ ಜನಾಂಗವನ್ನು ಕೇಳುವುದಿಲ್ಲ. ಭಾರತದಲ್ಲಿಯೇ ಇರುವವರು ಹೊರದೇಶದಲ್ಲಿ ಆಸ್ತಿ ಕೊಳ್ಳಲು ಕೂಡ ರಿಸರ್ವ್ ಬ್ಯಾಂಕು 2004ರಲ್ಲಿ ತಂದ ಯೋಜನೆಯಡಿ ಹಣ ಕಳುಹಿಸಬಹುದಾಗಿದೆ. ಮೊದಲು ವರ್ಷಕ್ಕೆ 25,000 ಡಾಲರ್ ಇದ್ದ ಮಿತಿ ಈಗ 2,50,000 ಡಾಲರ್. ಆದರೆ ಅಮೆರಿಕದ ಪೌರರಾದ ಕನ್ನಡಿಗರು ಊರಿನಲ್ಲಿ ಮನೆಯನ್ನೋ ನಿವೇಶನವನ್ನೋ ಕೊಳ್ಳಬಹುದೇ ಹೊರತು ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳಲು ಭಾರತದ ವಿದೇಶಿ ವಿನಿಮಯ ನಿಯಮಗಳು ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಉಳುವವನ ನೆಲವನ್ನು ಹೊರಗಿನ ಹಣದಿಂದ ಕಾಯುವ ಉದ್ದೇಶದ ಈ ನಿಯಮವನ್ನು ಜನಾಂಗದ್ವೇಷದ ಆ ಕಾಯಿದೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಎರಡೂ ಹೊಲವನ್ನು ಮನೆಗಿಂತ ಬೇರೆಯಾಗಿ ಕಂಡಿವೆ ಎಂಬ ಹೋಲಿಕೆಯಷ್ಟೇ ನಿಜ.

ಲೆಮನ್ ಬೀದಿಯ ಹರಾಡಾ ಮನೆ ಈಗಲೂ ಇದೆ. ಯುದ್ಧಕಾಲದಲ್ಲಿ ಹೊರಡಿಸಲ್ಪಟ್ಟ ಜುಕಿಚಿ ಮತ್ತು ಅವರ ಹೆಂಡತಿ ಕೆನ್ ಇಬ್ಬರೂ, ಹಾಗೆ ಹೊರಡಿಸಿದವರನ್ನು ಕೂಡಿಹಾಕಿದ್ದ ಯೂಟಾ ರಾಜ್ಯದ ಟೋಪಾಜ್ ಶಿಬಿರದಲ್ಲಿ ತೀರಿಕೊಂಡರು. ಮಗಳು ಸುಮಿ, ಸ್ನೇಹಿತರೊಬ್ಬರು ಕಾದುಕೊಂಡಿದ್ದ ಮನೆಗೆ 1945ರಲ್ಲಿ ಮರಳಿ, ಶಿಬಿರಗಳಿಂದ ಬಂದು ನೆಲೆಯಿಲ್ಲದಿದ್ದ ಇತರ ಜಪಾನೀಯರಿಗೆ ಅದರಲ್ಲಿ ವಸತಿ ಕೊಟ್ಟರು, ತಾವೂ ಮುಪ್ಪಿನವರೆಗೆ ಅಲ್ಲಿಯೇ ಬಾಳಿದರು. 1990ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು. ಅದರ ಮಲಗುವ ಕೋಣೆಯ ಗೋಡೆಯ ಮೇಲೆ, 1942ರ ಮೇ 23ರ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ತಮ್ಮನ್ನು ಇಲ್ಲಿಂದ ಹೊರಡಿಸಲಾಯಿತೆಂದು ಸುಮಿಯ ತಮ್ಮ ಹೆರಾಲ್ಡ್ ಬರೆದ ಒಂದು ಸಾಲಿದೆ.